ಚಾಳೀಸು ಬಂದ ಕಣ್ಣು, ಕೇಪಿನ ಕೋವಿ, ಒಂದು ತೂತಿನ ಸೈಟು

ಕೋವಿ ಸರಿಯಾಗಿಯೇ ಇತ್ತು. ಅದನ್ನು ಒಪ್ಪಿಕೊಳ್ಳಲು ನಮಗೆ ಇಡೀ ಒಂದು ಚಳಿಗಾಲ ಹಿಡಿಯಿತು. ಎರಡು ಡಬ್ಬ ಮದ್ದೂ ಖಾಲಿಯಾಯಿತು.

ಇದು ಅಮೆರಿಕದ ಮಧ್ಯಪಶ್ಚಿಮದ ಒಂದು ಸಣ್ಣ ಊರಿನಲ್ಲಿ ನಡೆದದ್ದು. ಕೋವಿಯ ಒಡೆಯರಿಗೆ ಆಗ 67 ವರ್ಷ. ಜೀವನಪೂರ್ತಿ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಇಲ್ಲಿ ಅವರನ್ನು ಯಜಮಾನರು ಎಂದಷ್ಟೇ ಕರೆಯುತ್ತೇನೆ. ಊರು, ಕ್ಲಬ್ಬು, ಕೋವಿ ಮಾಡಿದ ಕಂಪನಿ, ಕಣ್ಣಿನ ಡಾಕ್ಟರು, ಯಾರ ಹೆಸರೂ ಬೇಡ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರೊಂದು ಬಿಡು, ಪೆದ್ದುತನ ಎಲ್ಲ ಬರಿ" ಅಂದರು. ಪೆದ್ದುತನದಲ್ಲಿ ಅರ್ಧ ಪಾಲು ನನ್ನದೂ ಇದೆ.

ನಾನು ಸಕಲೇಶಪುರದ ಕಡೆಯವನು. ಕೆಲಸಕ್ಕೆಂದು ಬಂದು ಇಲ್ಲೇ ಉಳಿದವನು. ನಮ್ಮ ತೋಟದ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜ ಅನ್ನುವ ಉದ್ದ ಸರಳಿನಲ್ಲಿ ಗಿಡಿದು, ಕೊನೆಗೆ ಕಿಡಿ ಹೊತ್ತಿಸುವ ಕೇಪು ಇಟ್ಟು ಹೊಡೆಯುವ ಕೋವಿ. ಬೆಳೆ ರಕ್ಷಣೆಯ ಲೈಸೆನ್ಸಿನದು. ಚುನಾವಣೆ ಬಂದಾಗೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂತು ಬರುತ್ತಿತ್ತು. ಅದಕ್ಕೆ ಗುರಿ ಹಿಡಿಯಲು ಸೈಟು ಅಂತ ಇದ್ದದ್ದು ನಳಿಗೆಯ ತುದಿಯಲ್ಲಿ ಒಂದು ಹಿತ್ತಾಳೆ ಮಣಿ. ಮಂಗ ಓಡಿಸಲು ಅಷ್ಟು ಧಾರಾಳ ಸಾಕಿತ್ತು.

ಯಜಮಾನರದೂ ಕೇಪಿನದೇ, ಬಾಯಿಯಿಂದಲೇ ತುಂಬುವುದು. ಆದರೆ ಅದು ರೈಫಲ್. 19ನೇ ಶತಮಾನದಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹಾಕನ್ ಅಣ್ಣತಮ್ಮಂದಿರು ಮಾಡುತ್ತಿದ್ದ ಕೋವಿಗಳ ಮಾದರಿಯಲ್ಲಿ ಈಗಿನ ಕಾರ್ಖಾನೆಯಲ್ಲಿ ಮಾಡಿದ್ದು. ಎಂಟು ಮೂಲೆಯ ನಳಿಗೆ, 28 ಇಂಚು ಉದ್ದ, ಅರ್ಧ ಇಂಚಿನ ಬಾಯಿ. ಒಳಗೆ ಸುರುಳಿ ಗೀರು. ಚರೆಯ ಬದಲು ಒಂದೇ ಒಂದು ಸೀಸದ ಗುಂಡು. ಅದನ್ನು ಗ್ರೀಸ್ ಸವರಿದ ಬಟ್ಟೆಯ ತುಂಡಿನ ಮೇಲಿಟ್ಟು ಗಿಡಿಯಬೇಕು. 50 ಯಾರ್ಡ್, ಅಂದರೆ ಸುಮಾರು 46 ಮೀಟರ್ ದೂರದ ಕಾಗದದ ಮೇಲೆ ಐದು ಗುಂಡು ಒಂದು ಬಿಸ್ಕತ್ತಿನಷ್ಟು ಜಾಗದಲ್ಲಿ ಬೀಳಬೇಕು. ಯಜಮಾನರಿಗೆ ಇಪ್ಪತ್ತು ವರ್ಷ ಹಾಗೇ ಬಿದ್ದಿತ್ತು, ಐದು ಸೆಂಟಿಮೀಟರಿನ ಒಳಗೆ.

ಆ ಚಳಿಗಾಲದಲ್ಲಿ ಹದಿನೈದಾಯಿತು.

ಮದ್ದಿನ ಮೇಲೆ ಅನುಮಾನ

ಗುರಿ ತಪ್ಪಿದಾಗ ಮನುಷ್ಯ ಮೊದಲು ತನ್ನನ್ನು ಬಿಟ್ಟು ಉಳಿದದ್ದನ್ನೆಲ್ಲ ಬೈಯುತ್ತಾನೆ. ಯಜಮಾನರು ಮದ್ದು ಬದಲಾಯಿಸಿದರು. ದಪ್ಪ ಕಾಳಿನದು, ಸಣ್ಣ ಕಾಳಿನದು, 50 ಗ್ರೇನಿನಿಂದ (ಗ್ರೇನ್ ಅಂದರೆ ಮದ್ದಿನ ತೂಕದ ಅಳತೆ) 80 ಗ್ರೇನಿನವರೆಗೆ ಐದೈದರಂತೆ ಏರಿಸಿ ನೋಡಿದರು. ಬೇರೆ ಅಚ್ಚಿನ ಗುಂಡು ತಂದರು. ಕೇಪು ಬದಲಾಯಿಸಿದರು. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟರು, ಲೇತಿನವರ ಅಭ್ಯಾಸ.

ಬಟ್ಟೆಯನ್ನೂ ಬಿಡಲಿಲ್ಲ. ಇಲ್ಲಿ ಗುಂಡಿಗೆ ಬಳಸುವುದು ದಿಂಬಿಗೆ ಹೊಲಿಯುವ ಗಟ್ಟಿ ಹತ್ತಿ ಬಟ್ಟೆ, ಬಿಳಿಯ ಮೇಲೆ ನೀಲಿ ಪಟ್ಟೆ. "ಅಂಗಡಿಯವರು ಬಟ್ಟೆ ಬದಲಾಯಿಸಿದ್ದಾರೆ" ಎಂದು ದೂರಿದರು. "ಮೊದಲು ಪಟ್ಟೆ ನೀಲಿ ಇರ್ತಿತ್ತು. ಈಗ ಬೂದಿ ಬಣ್ಣದ್ದು ಕೊಡ್ತಾರೆ. ನೇಯ್ಗೆನೂ ಹಾಗೇ ಕೆಟ್ಟಿರಬೇಕು." ನಾನು ಬಟ್ಟೆ ನೋಡಿದೆ. ನನಗೆ ನೀಲಿಯೇ ಕಂಡಿತು. ಹಳೆಯದು ಇನ್ನೂ ಕಡುನೀಲಿ ಇತ್ತೇನೋ ಅಂದುಕೊಂಡು ಸುಮ್ಮನಾದೆ. ಇಡೀ ಪ್ರಕರಣದ ಬೀಗದ ಕೈ ಆ ಒಂದು ಮಾತಿನಲ್ಲಿತ್ತು. ಇಬ್ಬರಿಗೂ ಹೊಳೆಯಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಶನಿವಾರ ಅವರು ಬೇಸತ್ತು ಕೋವಿಯನ್ನು ನನ್ನ ಕೈಗೆ ಕೊಟ್ಟರು. ನನಗೆ ಆಗ 44. ಓದಲು ಕನ್ನಡಕ ಬೇಕು, ದೂರಕ್ಕೆ ಬೇಡ. ಮರಳು ಚೀಲದ ಮೇಲೆ ನಳಿಗೆ ಇಟ್ಟು, ಅವರೇ ತುಂಬಿಸಿಕೊಟ್ಟ ಅದೇ ಮದ್ದು, ಅದೇ ಗುಂಡು, ಅದೇ 'ಕೆಟ್ಟ' ಬಟ್ಟೆಯಲ್ಲಿ ಐದು ಈಡು ಹೊಡೆದೆ. ಆರು ಸೆಂಟಿಮೀಟರಿನಲ್ಲಿ ಐದೂ ಕೂತವು. ನಾನು ಅವರಷ್ಟು ಒಳ್ಳೆಯ ಗುರಿಕಾರನಲ್ಲ, ಹತ್ತಿರಕ್ಕೂ ಬರುವುದಿಲ್ಲ. ಯಜಮಾನರು ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ಒಂದು ಮಾತೂ ಆಡಲಿಲ್ಲ. ಮನೆಗೆ ಹೋಗುವಾಗ ಕಾರಿನಲ್ಲಿ, "ಹಾಗಾದರೆ ನಾನೇ" ಅಂದರು.

ಈ ಪರೀಕ್ಷೆಗೆ ಆದ ಖರ್ಚು ಐದು ಗುಂಡು. ಚಳಿಗಾಲದ ಮೊದಲ ವಾರವೇ ಮಾಡಬಹುದಿತ್ತು.

ಕಣ್ಣಿಗೆ ಮೂರು ಕೆಲಸ

ಸಾಮಾನ್ಯ ಸೈಟಿನಲ್ಲಿ ಹಿಂದೆ ಒಂದು ಕಚ್ಚು, ಮುಂದೆ ಒಂದು ತೆಳು ತಗಡು, ಆಚೆಗೆ ಗುರಿ. ಮೂರನ್ನೂ ಒಂದೇ ಸಾಲಿಗೆ ತರಬೇಕು. ಯಜಮಾನರು ಕೋವಿಗೆ ಕೆನ್ನೆ ಊರಿದಾಗ ಟೇಪಿನಲ್ಲಿ ಅಳೆದೆವು. ಕಣ್ಣಿನಿಂದ ಕಚ್ಚಿಗೆ 45 ಸೆಂ.ಮೀ., ತಗಡಿಗೆ 95 ಸೆಂ.ಮೀ., ಗುರಿಗೆ 46 ಮೀಟರ್. ಯಾವ ಕಣ್ಣೂ ಈ ಮೂರನ್ನು ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ಇಪ್ಪತ್ತರ ಕಣ್ಣು ಸರಕ್ಕನೆ ಹಿಂದೆ ಮುಂದೆ ಓಡಾಡಿ ನೋಡಿದ ಹಾಗೆ ಮಾಡುತ್ತದೆ, ಅಷ್ಟೇ. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಟ್ಟಿಯಾಗುತ್ತಾ ಹೋಗುತ್ತದೆ, ಬಾಗುವುದಿಲ್ಲ. ನಮ್ಮಲ್ಲಿ ಚಾಳೀಸು ಬಂತು ಅನ್ನುವುದು ಇದಕ್ಕೇ. ಅರವತ್ತು ದಾಟಿದವರಿಗೆ ಆ ಓಡಾಟ ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ.

ಯಜಮಾನರ ಗುಂಡುಗಳು ಅಡ್ಡಕ್ಕೆ ಜಾಸ್ತಿ ಹರಡಿರಲಿಲ್ಲ. ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದಿದ್ದವು. ಕಚ್ಚು ಮಸುಕಾದರೆ ಹೀಗಾಗುವುದು ಸಹಜ. ತಗಡಿನ ತಲೆ ಕಚ್ಚಿನ ಅಂಚಿಗೆ ಸಮ ಇದೆಯಾ ಅನ್ನುವುದೇ ತಿಳಿಯದು. ಎಡ ಬಲ ಹೇಗೋ ಅಂದಾಜಾಗುತ್ತದೆ, ಎತ್ತರ ಆಗುವುದಿಲ್ಲ.

ತೂತಿನ ಸೈಟು ಇಲ್ಲಿ ಎರಡು ಉಪಕಾರ ಮಾಡುತ್ತದೆ. ಒಂದು, ಹಿಂದಿನ ಸೈಟನ್ನು ನೋಡುವ ಕೆಲಸವೇ ಇಲ್ಲ. ತೂತಿನೊಳಗಿಂದ ನೋಡಿದರೆ ಸಾಕು, ಕಣ್ಣು ತಾನಾಗಿ ನಡುವನ್ನು ಹುಡುಕಿಕೊಳ್ಳುತ್ತದೆ. ಎರಡು, ಸಣ್ಣ ತೂತಿನಿಂದ ಬಂದ ಬೆಳಕು ಹತ್ತಿರದ್ದನ್ನೂ ದೂರದ್ದನ್ನೂ ಒಂದು ಮಟ್ಟಿಗೆ ಸ್ಪಷ್ಟ ಮಾಡುತ್ತದೆ. ನಂಬಿಕೆ ಇಲ್ಲದಿದ್ದರೆ ಕನ್ನಡಕ ತೆಗೆದು, ಮುಷ್ಟಿ ಮಡಚಿ, ಬೆರಳ ಸಂದಿನ ಪುಟ್ಟ ಕಿಂಡಿಯಿಂದ ಗೋಡೆಯ ಕ್ಯಾಲೆಂಡರಿನ ತಿಥಿ ನಕ್ಷತ್ರ ಓದಿ ನೋಡಿ. ಮಂಕಾಗಿರುತ್ತದೆ, ಆದರೆ ಅಕ್ಷರ ಬಿಡಿಸಿಕೊಳ್ಳುತ್ತದೆ.

ಹತ್ತು ಪೈಸೆಯ ಪ್ರಯೋಗ

ಕ್ಲಬ್ಬಿನಲ್ಲಿ ಒಬ್ಬರು, ಹಿಂದಿನ ಕಚ್ಚನ್ನು ನಳಿಗೆಯ ಮೇಲೆ ಇನ್ನೂ ಹತ್ತು ಸೆಂಟಿಮೀಟರ್ ಮುಂದಕ್ಕೆ ಸರಿಸಿ ಎಂದರು. ಇದು ಹಳೇ ಉಪಾಯ. ಐವತ್ತರ ಆಸುಪಾಸಿನ ಎಷ್ಟೋ ಜನರಿಗೆ ಕೆಲಸ ಮಾಡಿದೆ. ಆದರೆ ಯಜಮಾನರ ಲೆಕ್ಕದಲ್ಲಿ ಕಚ್ಚು 45ರಿಂದ 55ಕ್ಕೆ ಹೋದರೂ ಮಸುಕು ಮಸುಕೇ. ಎರಡು ಸೈಟುಗಳ ನಡುವಿನ ಅಂತರ ಮಾತ್ರ 50ರಿಂದ 40ಕ್ಕೆ ಇಳಿಯುತ್ತದೆ, ಅಂದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಅದಕ್ಕಾಗಿ ನಳಿಗೆಯಲ್ಲಿ ಕಚ್ಚು ಕೂರಲು ಹೊಸ ಅಡ್ಡ ಸೀಳು ಕೊರೆಯಬೇಕು. ಬೇಡ ಎಂದೆವು.

ಬದಲಿಗೆ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಉಗುರಿನಷ್ಟು ತುಂಡು ಕತ್ತರಿಸಿ, ಗೋಣಿ ಹೊಲಿಯುವ ದಬ್ಬಳದಲ್ಲಿ ಒಂದೂವರೆ ಮಿಲಿಮೀಟರಿನ ತೂತು ಮಾಡಿ, ಯಜಮಾನರ ಕನ್ನಡಕದ ಬಲಗಾಜಿಗೆ ಅಂಟಿಸಿದೆ. ಎಲ್ಲಿ ಅಂಟಿಸಬೇಕು ಅನ್ನುವುದಕ್ಕೇ ಕಾಲು ಗಂಟೆ ಹಿಡಿಯಿತು. ಕೆನ್ನೆ ಕೋವಿಗೆ ಊರಿದಾಗ ಮುಖ ಮುಂದಕ್ಕೆ ಬಾಗಿರುತ್ತದೆ. ಆಗ ಕಣ್ಣು ಗಾಜಿನ ನಡುವಿನಿಂದ ನೋಡುವುದಿಲ್ಲ. ಮೇಲಿನ, ಮೂಗಿನ ಕಡೆಯ ಮೂಲೆಯಿಂದ ನೋಡುತ್ತದೆ. ಇದು ನೆನಪಿರಲಿ, ಮುಂದೆ ಬರುತ್ತದೆ.

ಐದು ಈಡು. ಎಂಟು ಸೆಂಟಿಮೀಟರ್. ಹದಿನೈದರಿಂದ ಎಂಟಕ್ಕೆ!

ಯಜಮಾನರು ಮಗುವಿನ ಹಾಗೆ ಖುಷಿಪಟ್ಟರು. ಆದರೆ ನಿಂತು ಹೊಡೆಯುವಾಗ ತಲೆ ಕೂದಲೆಳೆಯಷ್ಟು ಅಲುಗಿದರೂ ತೂತು ಮಾಯ. ಟೇಪು ಕಾಯಂ ಔಷಧವಲ್ಲ, ಅದು ರೋಗ ಯಾವುದು ಎಂದು ಹೇಳಿತು. ಇಲ್ಲಿ ನಿಂತು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ನಾವು ಕೋವಿಯ ಅಂಗಡಿಗೆ ಹೋದೆವು.

ಎಲ್ಲಿ ಕೂರಿಸುವುದು

ತೂತಿನ ಸೈಟು ಈಗಿನವರು ಕಂಡುಹಿಡಿದ ಸೋಮಾರಿ ಸೌಕರ್ಯ ಎಂದು ಕ್ಲಬ್ಬಿನ ಕೆಲವು ಹಿರಿಯರಿಗೆ ಕೋಪ. ಯಜಮಾನರಿಗೂ ಒಳಗೊಳಗೇ ಸಂಕೋಚ. ಆದರೆ ಅದು ಹಳೆಯದೇ. 1874ರಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೂರ್‌ನಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳ ನಡುವೆ 800, 900, 1000 ಯಾರ್ಡಿನ ಪಂದ್ಯ ನಡೆಯಿತು. ಐರ್ಲೆಂಡಿನವರು ತಂದದ್ದು ಬಾಯಿಯಿಂದ ತುಂಬುವ ರೈಫಲ್‌ಗಳನ್ನೇ, ಅದೂ ತೂತಿನ ಸೈಟಿನವು. ಸೋತದ್ದು 931ಕ್ಕೆ 934ರ ಅಂತರದಲ್ಲಿ. ಮೂರೇ ಅಂಕ. ಈ ಕಥೆ ಹೇಳಿದ ಮೇಲೆ ಯಜಮಾನರ ಸಂಕೋಚ ಹೋಯಿತು. ಕ್ಲಬ್ಬಿನ ಹಿರಿಯರ ಕೋಪ ಹೋಗಲಿಲ್ಲ.

ಕೂರಿಸಲು ಎರಡು ಜಾಗ ಇದ್ದವು. ಒಂದು, ನಳಿಗೆಯ ಹಿಂಭಾಗದ ಮೇಲೆಯೇ ಎರಡು ತಿರುಪು. ಇನ್ನೊಂದು, ನಳಿಗೆಯ ಹಿಂದೆ ಕಟ್ಟಿಗೆಯ ಮೇಲೆ ಬಾಲದ ಹಾಗೆ ಚಾಚಿದ ಕಬ್ಬಿಣದ ಪಟ್ಟಿ. ಅದನ್ನು ಟ್ಯಾಂಗ್ ಅನ್ನುತ್ತಾರೆ. ಪರಿಚಯದ ಒಬ್ಬರು ನಳಿಗೆಯ ಮೇಲೆ ಕೊರೆಯಿರಿ, ಹತ್ತು ನಿಮಿಷದ ಕೆಲಸ ಎಂದರು.

ಯಜಮಾನರು ಕಾಗದದ ಮೇಲೆ ಲೆಕ್ಕ ಹಾಕಿದರು. ನಳಿಗೆಯ ಅಡ್ಡಗಲ 23.8 ಮಿ.ಮೀ. ಒಳಗಿನ ಬಾಯಿ 12.7. ಒಂದು ಬದಿಯ ಗೋಡೆ ಐದೂವರೆ ಮಿ.ಮೀ. ಸಾಕಷ್ಟು ದಪ್ಪ ಅನ್ನಿಸುತ್ತದೆ, ಅಲ್ವಾ? ಆದರೆ ಹಿಂಭಾಗದಲ್ಲಿ ನಳಿಗೆಯನ್ನು ಮುಚ್ಚುವ ಬಿರಡೆ ಮರೆ (ತಿರುಪಿನ ಸುತ್ತು) ಹಾಕಿಕೊಂಡು ಒಳಗೆ ಕೂತಿರುತ್ತದೆ. ಆ ಮರೆಯ ಅಗಲ 19 ಮಿ.ಮೀ. ಇದ್ದರೂ ಮೇಲೆ ಉಳಿಯುವ ಗೋಡೆ ಎರಡೂವರೆ ಮಿ.ಮೀ.ಗಿಂತ ಕಡಿಮೆ. ಡ್ರಿಲ್ಲು ಸ್ವಲ್ಪ ಆಳಕ್ಕೆ ಹೋದರೆ ಮರೆಗೇ ಗಾಯ. ಇನ್ನೂ ಸ್ವಲ್ಪ ಮುಂದಕ್ಕೆ ಕೊರೆದರೆ ಮದ್ದು ಸಿಡಿಯುವ ಜಾಗ, ಕಣ್ಣಿನಿಂದ ಒಂದು ಗೇಣು. ನಳಿಗೆಗೆ ಡ್ರಿಲ್ ತೋರಿಸಬಾರದು ಎಂದು ಅಲ್ಲೇ ತೀರ್ಮಾನವಾಯಿತು. ಈ ಪ್ರಕರಣದಲ್ಲಿ ನಾವು ಮಾಡಿದ ಅತ್ಯಂತ ಸರಿಯಾದ ಕೆಲಸ ಇದು.

ಟ್ಯಾಂಗನ್ನು ಕಟ್ಟಿಗೆಗೆ ಬಿಗಿಯುವ ಎರಡು ತಿರುಪು ಮೊದಲಿನಿಂದಲೂ ಇವೆ. ಅದೇ ತೂತು ಬಳಸಿ, ತಿರುಪು ಮಾತ್ರ ಉದ್ದದ್ದು ಹಾಕಿ ಕೂರಿಸುವ ಸೈಟು ಸಿಕ್ಕಿತು. ಹೊಸದಾಗಿ ಒಂದು ತೂತನ್ನೂ ಕೊರೆಯಲಿಲ್ಲ. ಬೇಡವೆಂದರೆ ಕಾಲು ಗಂಟೆಯಲ್ಲಿ ಮೊದಲಿನ ಹಾಗೆ ಮಾಡಬಹುದು.

ಕೆಲಸ ಶುರುಮಾಡುವ ಮೊದಲು ಯಜಮಾನರು ಮಾಡಿದ್ದನ್ನು ಹೇಳಲೇಬೇಕು. ಗಜವನ್ನು ನಳಿಗೆಯೊಳಗೆ ತಳದವರೆಗೆ ಇಳಿಸಿದರು. ಬಾಯಿಯ ಅಂಚಿನಲ್ಲಿ ಉಗುರಿನಿಂದ ಹಿಡಿದುಕೊಂಡು ಹೊರಗೆ ತೆಗೆದರು. ಅದನ್ನೇ ನಳಿಗೆಯ ಹೊರಮೈಗೆ ಇಟ್ಟು ನೋಡಿದರು. ಗಜದ ತುದಿ ಕೇಪು ಕೂರುವ ಮೊಲೆಯ ನೇರಕ್ಕೆ ಬಂತು. ಅಂದರೆ ಒಳಗೆ ಏನೂ ಇಲ್ಲ. ಮದ್ದು, ಗುಂಡು ಇದ್ದಿದ್ದರೆ ಎರಡು ಮೂರು ಬೆರಳು ಮುಂದೆಯೇ ನಿಲ್ಲುತ್ತಿತ್ತು. ಈ ಕೋವಿಗೆ ಬಗ್ಗಿ ನೋಡಲು ಹಿಂಬಾಗಿಲು ಇಲ್ಲ. ಖಾಲಿ ಇದೆ ಅನ್ನುವುದು ಗಜದ ಮಾತಿನಿಂದಲೇ ಗೊತ್ತಾಗಬೇಕು. ಅಜ್ಜನೂ ಹೀಗೇ ಮಾಡುತ್ತಿದ್ದರು. ಗೋಡೆಗೆ ಒರಗಿಸಿದ ಕೋವಿಯನ್ನು ಪ್ರತಿ ಸಲ, ತಾವೇ ಒರಗಿಸಿದ್ದರೂ.

ಸೈಟಿನ ತಳ ಟ್ಯಾಂಗಿನ ಬಾಗಿಗೆ ಸರಿಯಾಗಿ ಕೂರಲಿಲ್ಲ. ಅಲುಗಾಡುತ್ತಿತ್ತು. ಸೋಡಾ ಕ್ಯಾನಿನ ತಗಡು ಕತ್ತರಿಸಿ ಒಂದು ಪದರ ಕೊಟ್ಟೆವು, ನಿಂತಿತು. ಕೇಪಿಗೆ ಬಡಿಯುವ ಕುದುರೆಯನ್ನು ಪೂರ್ತಿ ಹಿಂದಕ್ಕೆ ಎತ್ತಿದಾಗ ಸೈಟಿಗೆ ತಾಗುತ್ತದಾ ಎಂದು ನೋಡಿದೆವು. ತಾಗಲಿಲ್ಲ. ಕಣ್ಣಿಗೂ ತೂತಿಗೂ 15 ಸೆಂ.ಮೀ. ಅಂತರ, 60 ಗ್ರೇನಿನ ಒದೆತಕ್ಕೆ ಸಾಕು. ಎರಡು ಸೈಟುಗಳ ಅಂತರ 50ರಿಂದ 80 ಸೆಂ.ಮೀ.ಗೆ ಏರಿತು. ಇದು ಬೋನಸ್ಸು.

ಗುಂಡು ಎಲ್ಲಿ ಹೋಯಿತು?

50 ಯಾರ್ಡಿನಲ್ಲಿ ಮೊದಲ ಗುಂಡು ಕಾಗದಕ್ಕೆ ಬೀಳಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದಕ್ಕೆ ಹಿಂದಿನ ಮಣ್ಣಿನ ದಿಬ್ಬದಲ್ಲಿ, ಕಾಗದದಿಂದ ಮೇಲೆ, ಧೂಳೆದ್ದದ್ದು ಕಂಡಿತು.

ನಾಚಿಕೆ ಬಿಟ್ಟು 25 ಯಾರ್ಡಿಗೆ ಬಂದೆವು. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಬಿಡಿಸಿ ನಿಲ್ಲಿಸಿದೆವು. ಗುಂಡು 17 ಸೆಂ.ಮೀ. ಮೇಲೆ ಬೀಳುತ್ತಿತ್ತು, ಸೈಟನ್ನು ಪೂರ್ತಿ ಕೆಳಗೆ ಇಳಿಸಿದಾಗಲೂ. ಇದು ಮೊದಲೇ ಹೊಳೆಯಬೇಕಿತ್ತು. ಟ್ಯಾಂಗಿನ ಮೇಲೆ ಕೂತ ತೂತು ಹಳೆಯ ಕಚ್ಚಿನ ಸಾಲಿಗಿಂತ ಎತ್ತರದಲ್ಲಿದೆ. ಹಿಂದೆ ಎತ್ತಿದರೆ ಗುಂಡೂ ಮೇಲೆ. ಎಷ್ಟು ಮೇಲೆ ಬಿತ್ತೋ ಅದನ್ನು ಸೈಟುಗಳ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. 17 ಸೆಂ.ಮೀ. ಗುಣಿಸು 80, ಭಾಗಿಸು 2286. ಸುಮಾರು 0.6 ಸೆಂ.ಮೀ. ಮುಂದಿನ ತಗಡು ಆರು ಮಿಲಿಮೀಟರ್ ಎತ್ತರ ಆಗಬೇಕು.

ಎತ್ತರದ ಹೊಸ ತಗಡು ತರಿಸಿದೆವು, ಬೇಕೆಂದೇ ಆರಕ್ಕಿಂತ ಜಾಸ್ತಿ. ಹಳೆಯದು ತೆಳ್ಳಗೆ ಬೆಳ್ಳಗೆ ಹೊಳೆಯುತ್ತಿತ್ತು. ಹೊಸದು ಎರಡು ಮಿಲಿಮೀಟರಿಗಿಂತ ದಪ್ಪ, ಚೌಕ ತಲೆ, ಉಕ್ಕಿನದು. ತಗಡು ಎತ್ತರ ಇದ್ದರೆ ಗುಂಡು ಕೆಳಗೆ ಬೀಳುತ್ತದೆ. ಅರದಿಂದ ಉಜ್ಜಿದಷ್ಟೂ ಗುಂಡು ಮೇಲೇರುತ್ತದೆ. ಉಜ್ಜಿದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲ, ಅದಕ್ಕೇ ಎತ್ತರದಿಂದ ಶುರು. ನಮ್ಮ ಅಳತೆಯಲ್ಲಿ 0.1 ಮಿ.ಮೀ. ಉಜ್ಜಿದರೆ 50 ಯಾರ್ಡಿನಲ್ಲಿ ಗುಂಡು ಸುಮಾರು ಆರು ಮಿ.ಮೀ. ಮೇಲೇರಬೇಕು. ಯಜಮಾನರು ಮೂರು ಎಳೆತ, ಒಂದು ಈಡು, ಮೂರು ಎಳೆತ, ಒಂದು ಈಡು ಎಂದು ಒಂದು ಮಧ್ಯಾಹ್ನ ಪೂರ್ತಿ ಕೂತರು. ಅವರ ಕೈಯಲ್ಲಿ ಅರ ನೋಡುವುದೇ ಒಂದು ಪಾಠ. ಒತ್ತುವುದು ಹೋಗುವಾಗ ಮಾತ್ರ, ಬರುವಾಗ ಎತ್ತಿ ತರುತ್ತಾರೆ.

ಉಜ್ಜಿದ ಉಕ್ಕು ಮತ್ತೆ ಫಳಫಳ ಅನ್ನತೊಡಗಿತು. ನಾನು ಮನೆಯ ದೇವರ ಪೆಟ್ಟಿಗೆಯಿಂದ ಎರಡು ಬಿಲ್ಲೆ ಕರ್ಪೂರ ತಂದಿದ್ದೆ. ಅದನ್ನು ಹಚ್ಚಿ ತಗಡಿನ ಕೆಳಗೆ ಹಿಡಿದರೆ ಮಸಿ ನುಣ್ಣಗೆ ಕೂರುತ್ತದೆ, ಮಖಮಲ್ಲಿನ ಹಾಗೆ ಕಪ್ಪು. ಮದ್ದಿನ ಕೊಂಬು, ಡಬ್ಬಗಳನ್ನೆಲ್ಲ ದೂರದ ಇನ್ನೊಂದು ಮೇಜಿಗೆ ಕಳಿಸಿ, ಗಜ ಇಳಿಸಿ ಕೋವಿ ಖಾಲಿ ಎಂದು ನೋಡಿ ಆಮೇಲೆ ಹಚ್ಚಿದ್ದು, ಅದೂ ಹೇಳಬೇಕಲ್ಲ. ಯಜಮಾನರು ಮೂಸಿ ನೋಡಿ, "ನಿಮ್ಮ ದೇವಸ್ಥಾನದ ವಾಸನೆ" ಎಂದರು. ಒಂದು ಸಲ ನನ್ನ ಮಗಳ ಆರತಕ್ಷತೆಗೆ ಬಂದು ನೋಡಿದ್ದರು.

ಇನ್ನೊಂದು ಎಡವಟ್ಟು. ಹಳೆಯ ಕಚ್ಚನ್ನು ಇರಲಿ ಎಂದು ನಳಿಗೆಯ ಮೇಲೇ ಬಿಟ್ಟಿದ್ದೆವು. ಯಜಮಾನರ ಕಣ್ಣು ಇಪ್ಪತ್ತು ವರ್ಷದ ಅಭ್ಯಾಸದಂತೆ ತೂತಿನೊಳಗಿಂದ ಹೋಗಿ ಮತ್ತೆ ಕಚ್ಚನ್ನೇ ಹುಡುಕುತ್ತಿತ್ತು. ಅದನ್ನು ಹಿತ್ತಾಳೆ ಪಂಚಿನಿಂದ ತಟ್ಟಿ ತೆಗೆದು ಖಾಲಿ ಜಾಗಕ್ಕೆ ಒಂದು ತುಂಡು ಹಾಕಿದ ದಿನವೇ ಗುಂಡುಗಳು ಹತ್ತಿರ ಬಂದವು. ತೆಗೆದ ಕಚ್ಚು ಮತ್ತು ಹಳೆಯ ತಗಡು ಈಗಲೂ ಒಂದು ಮಾತ್ರೆ ಡಬ್ಬಿಯಲ್ಲಿವೆ. ತೂತಿನ ಸೈಟಿಗೆ ಅವಕಾಶ ಇಲ್ಲದ ಪಂದ್ಯಗಳೂ ಇವೆ. ಆಗ ಅವು ಬೇಕು.

ಆಗಸ್ಟಿನ ಒಂದು ಮಧ್ಯಾಹ್ನ ಮರಳು ಚೀಲದ ಮೇಲಿಂದ ಆರೂವರೆ ಸೆಂಟಿಮೀಟರ್. ಪ್ರಕರಣ ಮುಗಿಯಿತು ಎಂದು ನಾನು ಅಂದುಕೊಂಡೆ.

ಸಂಜೆಯ ಪಂದ್ಯ

ಅಕ್ಟೋಬರಿನಲ್ಲಿ ಕ್ಲಬ್ಬಿನವರು ಕಾಡಿನ ಹಾದಿಯಲ್ಲಿ ಅಲ್ಲಲ್ಲಿ ಕಬ್ಬಿಣದ ಗುರಿ ನೇತುಹಾಕಿ ಪಂದ್ಯ ಇಡುತ್ತಾರೆ. ನಡೆಯುತ್ತಾ ಹೊಡೆಯುವುದು. ಮಧ್ಯಾಹ್ನ ಶುರುವಾದದ್ದು ಸಂಜೆಗೆ ಮುಗಿಯುತ್ತದೆ. ಮೊದಲ ನಾಲ್ಕು ಗುರಿ ಟಣ್ ಎಂದವು. ಐದನೆಯದರಿಂದ ಸದ್ದಿಲ್ಲ. "ಕತ್ತಲೆ" ಎಂದರು ಯಜಮಾನರು. ನನಗೆ ಇನ್ನೂ ಬೆಳಕಿತ್ತು.

ತೂತು ಒಂದು ಮಿಲಿಮೀಟರಿನದು, ಬಿಸಿಲಿನಲ್ಲಿ ಕಾಗದಕ್ಕೆ ಹೊಡೆಯಲು ಚೆನ್ನ. ಮರದ ನೆರಳಿನಲ್ಲಿ ಅದು ಬಾವಿಯ ಹಾಗೆ. ಮರುವಾರ 2.4 ಮಿ.ಮೀ. ತೂತಿನ ಬಿಲ್ಲೆ ಹಾಕಿದೆವು. ಬೆಳಕು ಆರು ಪಟ್ಟಿನ ಹತ್ತಿರ ಜಾಸ್ತಿ. ದೊಡ್ಡ ತೂತಿನಲ್ಲಿ ಸ್ಪಷ್ಟತೆ ಸ್ವಲ್ಪ ಕಳೆದುಕೊಳ್ಳುತ್ತೇವೆ, ಗುರಿಯ ನಿಖರತೆ ಮಾತ್ರ ಅಷ್ಟೇನೂ ಕೆಡುವುದಿಲ್ಲ. ಹೊಸಬರು ತೂತು ಸಣ್ಣದಾದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ನಾವೂ ಅಂದುಕೊಂಡಿದ್ದೆವು.

ಕತ್ತಲೆಯ ದೂರು ಹೋಯಿತು. ಆದರೆ ಇಳಿಬಿಸಿಲಿನ ಕಡೆಗೆ ಕೋವಿ ತಿರುಗಿಸಿದರೆ ತಗಡಿನ ಸುತ್ತ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ ಎಂದರು. ತೂತಿನ ಅಂಚು ಹೊಳೆಯುತ್ತಿರಬೇಕು ಎಂದು ಕರ್ಪೂರದ ಮಸಿ ಹಿಡಿದೆ. ಹೋಗಲಿಲ್ಲ. ಕನ್ನಡಕ ಒರೆಸಿದೆವು. ಹೋಗಲಿಲ್ಲ. ನಾನು ನೋಡಿದರೆ ಏನೂ ಇಲ್ಲ, ತಗಡು ಕಪ್ಪಗೆ ಚೂಪಾಗಿದೆ.

ಕತ್ತಲಾದ ಮೇಲೆ ಮನೆಗೆ ಹೊರಟಾಗ ಅವರು ಕಾರಿನ ಕೀಲಿಯನ್ನು ನನಗೆ ಕೊಟ್ಟರು. "ರಾತ್ರಿ ಎದುರು ಗಾಡಿಯ ದೀಪಕ್ಕೆ ಕಿರಣ ಕಿರಣ ಒಡೆದು ಕಾಣುತ್ತೆ. ಈಗ ಒಂದು ವರ್ಷ ಆಯಿತು, ರಾತ್ರಿ ಓಡಿಸೋದು ಬಿಟ್ಟಿದ್ದೇನೆ" ಎಂದರು, ಹವಾಮಾನದ ಸುದ್ದಿ ಹೇಳಿದ ಹಾಗೆ. ಹೆಂಡತಿಗೂ ಹೇಳಿರಲಿಲ್ಲವಂತೆ.

ನನ್ನ ಅಮ್ಮನೂ ಇದೇ ಮಾತು ಹೇಳಿದ್ದರು, ಹಾಸನದಲ್ಲಿ ಪೊರೆ ತೆಗೆಸುವ ಮೊದಲು.

ಕೊನೆಗೂ ಡಾಕ್ಟರು

ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿಗೆ ಜಾಸ್ತಿ. ಕನ್ನಡಕದ ನಂಬರು ನಾಲ್ಕು ವರ್ಷ ಹಳೆಯದು. ಅದೂ ಸಾಲದೆಂಬಂತೆ ಅವರು ಹಾಕುತ್ತಿದ್ದದ್ದು ಮೇಲೆ ದೂರಕ್ಕೆ, ಕೆಳಗೆ ಓದಲು ಇರುವ ಪ್ರೋಗ್ರೆಸಿವ್ ಗಾಜು. ಕೆನ್ನೆ ಊರಿದಾಗ ಕಣ್ಣು ಯಾವ ಮೂಲೆಯಿಂದ ನೋಡುತ್ತದೆ ಎಂದು ಟೇಪು ಅಂಟಿಸುವಾಗಲೇ ಗೊತ್ತಾಗಿತ್ತಲ್ಲ. ಅಂಥ ಗಾಜಿನ ಅಂಚುಗಳಲ್ಲಿ ನೋಟ ಡೊಂಕಾಗುತ್ತದೆ. ಆರು ತಿಂಗಳು ನಾವು ಕಬ್ಬಿಣ ಉಜ್ಜಿದ್ದು ಆ ಡೊಂಕು ಗಾಜಿನ ಮೂಲಕ ನೋಡುತ್ತಾ.

ಕೋವಿಯನ್ನು ಆಸ್ಪತ್ರೆಗೆ ಒಯ್ಯಲಾಗದು. ಯಜಮಾನರು ಒಂದು ಚೀಟಿ ಒಯ್ದಿದ್ದರು. ಕಣ್ಣಿನಿಂದ ತೂತಿಗೆ 15, ತಗಡಿಗೆ 95, ಗುರಿಗೆ 4600 ಸೆಂ.ಮೀ. ಡಾಕ್ಟರಿಗೆ ಇದಕ್ಕಿಂತ ಉಪಕಾರ ಬೇರೆ ಇಲ್ಲ. ಗಾಜಿನ ಲೆಕ್ಕ ಮೀಟರಿನ ತಲೆಕೆಳಗು. ಒಂದು ಮೀಟರಿಗೆ ಒಂದು ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ), ಎರಡು ಮೀಟರಿಗೆ ಅರ್ಧ, ದೂರಕ್ಕೆ ಸೊನ್ನೆ. ತಗಡಿಗೆ ಒಂದು, ಗುರಿಗೆ ಸೊನ್ನೆ, ನಡುವೆ ಅರ್ಧ. ದೂರದ ನಂಬರಿಗೆ ಅರ್ಧ ಪ್ಲಸ್ ಸೇರಿಸಿ ಒಂದೇ ನಂಬರಿನ ಗಾಜು ಬರೆದುಕೊಟ್ಟರು. ತಗಡೂ ಸ್ವಲ್ಪ ಮಸುಕು, ಗುರಿಯೂ ಸ್ವಲ್ಪ ಮಸುಕು. ಉಳಿದ ಮಸುಕನ್ನು ತೂತು ತಿನ್ನುತ್ತದೆ. ಕೇಪಿನ ಚೂರು ಹಾರುವ ಆಟ ಇದು, ಅದಕ್ಕೇ ಗಾಜು ಗಟ್ಟಿಯದು, ಅಗಲದ್ದು.

ಪೊರೆಗೆ ಮಾತ್ರ ತೂತೂ ಇಲ್ಲ, ಗಾಜೂ ಇಲ್ಲ. ತೂತು ಫೋಕಸ್ಸಿನ ಮಸುಕನ್ನು ತಿದ್ದುತ್ತದೆ, ಮಸೂರದ ಮೋಡವನ್ನಲ್ಲ. ಹೆಚ್ಚೆಂದರೆ ಹಗಲಲ್ಲಿ ಮರೆಸುತ್ತದೆ. ನಮಗೆ ಆಗಸ್ಟಿನಲ್ಲಿ ಆದದ್ದು ಅದೇ. ಬಿಸಿಲು, ಸಣ್ಣ ತೂತು, ಕಪ್ಪು ತಗಡು, ಎಲ್ಲ ಸೇರಿ ಪೊರೆಯನ್ನು ಎರಡು ತಿಂಗಳು ಬಚ್ಚಿಟ್ಟವು.

ಮತ್ತೆ ಮಾಡುವುದಾದರೆ ಮೊದಲು ಇನ್ನೊಬ್ಬರ ಕೈಯಲ್ಲಿ ಕೋವಿ ಕೊಡುತ್ತೇನೆ. ಮರುದಿನ ಕಣ್ಣಿನ ಡಾಕ್ಟರು. ಹೊಸ ಗಾಜು ಬಂದ ಮೇಲೆ ಟೇಪು. ಟೇಪು ಹೌದು ಅಂದರೆ ಮಾತ್ರ ಟ್ಯಾಂಗಿನ ತಿರುಪಿಗೆ ಕೈ. ನಾವು ಇದನ್ನೇ ಮಾಡಿದೆವು, ಬಾಲದಿಂದ ತಲೆಗೆ. ಸೈಟು ಕೂರಿಸಿದ್ದು ವ್ಯರ್ಥ ಎಂದು ಮಾತ್ರ ಹೇಳಲಾರೆ. ಪೊರೆ ತೆಗೆಸಿದ ಮೇಲೂ ಚಾಳೀಸು ಹೋಗುವುದಿಲ್ಲ. ದೂರಕ್ಕೆ ಹೊಂದಿಸಿದ ಕೃತಕ ಮಸೂರ ಬಾಗುವುದೇ ಇಲ್ಲ. ಕಚ್ಚು ಆಗಲೂ ಮಸುಕೇ.

ಬಲಗಣ್ಣಿನ ಆಪರೇಷನ್ ಫೆಬ್ರುವರಿಯಲ್ಲಿ ಆಯಿತು. ಎಡಗಣ್ಣಿನದು ಮುಂದಕ್ಕೆ ಹೋಯಿತು. ಡಾಕ್ಟರು ಒಪ್ಪಿದ ಮೇಲೆ ಏಪ್ರಿಲ್‌ನಲ್ಲಿ ಕ್ಲಬ್ಬಿಗೆ ಬಂದರು, ಹೊಸ ನಂಬರಿನ ಗಾಜು ಹಾಕಿಕೊಂಡು. ಕೋವಿಯನ್ನು ಮೇಜಿನ ಮೇಲಿಟ್ಟು ಗಜ ಇಳಿಸಿ ನೋಡಿದರು. ಚೀಲದಿಂದ ದಿಂಬಿನ ಬಟ್ಟೆ ತೆಗೆದರು. ಹೋದ ವರ್ಷ ಅಂಗಡಿಯವರನ್ನು ಬೈದಿದ್ದ ಅದೇ ಬಟ್ಟೆಯ ಉಳಿದ ತುಂಡು. ಅದನ್ನು ಬಿಸಿಲಿಗೆ ಹರಡಿ, ಅಂಗೈಯಲ್ಲಿ ಬಲಗಣ್ಣು ಮುಚ್ಚಿದರು. ಆಮೇಲೆ ಎಡಗಣ್ಣು. ಮತ್ತೆ ಬಲ. ಮತ್ತೆ ಎಡ.

"ಬೂದಿ," ಎಂದರು. "ನೀಲಿ. ಬೂದಿ. ನೀಲಿ."

ಆಮೇಲೆ ಒಂದು ಪಟ್ಟಿ ಹರಿದು, ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡುತ್ತಾ, ಮದ್ದು ಅಳೆಯತೊಡಗಿದರು.